ಪಿಂಪ್ರಿ ಸ್ಟೇಷನ್ನಿನಲ್ಲಿ ಬಿದ್ದವಳು

ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ನಾವು ಪಿಂಪ್ರಿಯ ಕಾರ್ಮಿಕರ ಕಾಲನಿಯಲ್ಲಿದ್ದೆವು. ನನ್ನ ಗಂಡ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಾನು ಇಲ್ಲಿನ ಒಂದು ಕನ್ನಡ ಶಾಲೆಗೆ ಪಾಠ ಹೇಳಲು ಸೇರಿ, ಅಲ್ಲೇ ನಿವೃತ್ತಳಾದೆ. ಹಾಜರಿ ಪುಸ್ತಕ ತೆರೆಯದೆ ಇಡೀ ತರಗತಿಯ ಹೆಸರು ಕೂಗುತ್ತಿದ್ದವಳು ನಾನು. ನಮ್ಮ ಬಂಧುಬಳಗದಲ್ಲಿ ಯಾರ ಮದುವೆಗೆ ಯಾರು ಬಂದಿದ್ದರು, ಯಾವ ಕೂಸಿಗೆ ಯಾರು ಹೆಸರಿಟ್ಟರು ಎಂದು ತಕರಾರು ಬಂದರೆ ನಿವೃತ್ತಳಾದ ಮೇಲೂ ನನಗೇ ಫೋನು ಬರುತ್ತಿತ್ತು. ನಾನು ಹೇಳಿದ ಮೇಲೆ ಮಾತು ಮುಗಿಯಿತು. ನೆನಪಿನ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೇ ಇತ್ತು.

ಗಂಡ ತೀರಿಕೊಂಡ ಮೇಲೆ ಪುಣೆಯಲ್ಲೇ ಧನಕವಡಿಯಲ್ಲಿರುವ ಮಗಳ ಮನೆಗೆ ಬಂದೆ. ಅಲ್ಲಿಗೆ ಬಂದುಹೋಗುವವರ ಮುಂದೆ ನಾನು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಕಥೆ ಇತ್ತು. ಅದು ರೈಲಿನ ಕಥೆ.

ನಾವು ಪಿಂಪ್ರಿಯಿಂದ ಲೋಕಲ್ ಹಿಡಿದು ಶಿವಾಜಿನಗರಕ್ಕೆ ಹೊರಟಿದ್ದೆವು. ನಾನು, ಗಂಡ, ಪಕ್ಕದ ಮನೆಯ ಗೆಳತಿ. ನನಗೂ ಅವಳಿಗೂ ಆಗ ಒಂದೇ ವಯಸ್ಸಿನ ಹೆಣ್ಣು ಕೂಸುಗಳು. ಅವಳು ತನ್ನ ಕೂಸನ್ನು ಅತ್ತೆಯ ಬಳಿ ಮನೆಯಲ್ಲೇ ಬಿಟ್ಟು ಬಂದಿದ್ದಳು. ನನ್ನ ಕೂಸು ನನ್ನ ಕಂಕುಳಲ್ಲಿತ್ತು. ರೈಲು ಬಂತು, ಜನ ನುಗ್ಗಿದರು. ಮೊದಲು ಹತ್ತಿ ಆಮೇಲೆ ತೆಗೆದುಕೊಳ್ಳೋಣ ಎಂದು ಕೂಸನ್ನು ಗೆಳತಿಯ ಕೈಗೆ ಕೊಟ್ಟೆ. ಒಂದು ಕಾಲು ಮೆಟ್ಟಿಲ ಮೇಲಿಡುವಷ್ಟರಲ್ಲಿ ರೈಲು ಹೊರಟಿತು. ಕಾಲು ಜಾರಿ ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದಿಗೆ ಇಳಿದೆ. ಮೆಟ್ಟಿಲ ಕಬ್ಬಿಣ ಎಡಗಾಲನ್ನು ಸಿಗಿಯಿತು. ಆಗ ಗಂಡ ನನ್ನ ಮುಂಗೈ ಹಿಡಿದರು. ಹಸಿರು ಬಳೆಗಳು ಅವರ ಹಿಡಿತದಲ್ಲೇ ಪುಡಿಯಾದವು. ಅವರು ಹಿಂದಕ್ಕೆ ಬಿದ್ದು, ನನ್ನನ್ನು ಮೈಮೇಲೆ ಎಳೆದುಕೊಂಡರು. ಬೆವರಿಗೆ ಒದ್ದೆಯಾದ ಅಂಗಿಯ ವಾಸನೆ, ಅವರ ಎದೆ ಬಡಿದುಕೊಳ್ಳುವ ಸದ್ದು, ನನ್ನ ಮುಖದ ಪಕ್ಕದಲ್ಲೇ ಓಡುತ್ತಿದ್ದ ಗಾಲಿಗಳು. ಇಷ್ಟನ್ನೂ ನಾನು ಬಿಡದೆ ಹೇಳುತ್ತಿದ್ದೆ. ಹೇಳುವಾಗ ಮುಂಗೈ ಬಿಸಿಯಾಗುತ್ತಿತ್ತು. ಅವರು ಹೋದ ಮೇಲೆ ಅವರನ್ನು ಅಷ್ಟು ಹತ್ತಿರಕ್ಕೆ ತರುವ ಮತ್ತೊಂದು ನೆನಪು ನನ್ನಲ್ಲಿರಲಿಲ್ಲ.

ಆ ಗೆಳತಿ ಮುಂದೆ ಗಂಡನ ಕೆಲಸದ ಹಿಂದೆ ಪುಣೆಯಾಚೆಯ ರಾಂಜಣಗಾಂವಕ್ಕೆ ಹೋದಳು. ಸಂಪರ್ಕ ತಪ್ಪಿಹೋಯಿತು. ಕಳೆದ ವರ್ಷ ಹೇಗೋ ನನ್ನ ನಂಬರು ಹುಡುಕಿ ಫೋನು ಮಾಡಿದಳು. ಅಂದು ಕೂಸಾಗಿದ್ದ ಅವಳ ಮಗಳಿಗೆ ಈಗ ಮದುವೆಯಾದ ಮಗಳಿದ್ದಾಳೆ, ಆ ಬಸುರಿ ಮೊಮ್ಮಗಳಿಗೆ ಕುಬಸ ಮಾಡುತ್ತಿದ್ದೇವೆ, ಬರಲೇಬೇಕು ಎಂದಳು. ನನ್ನ ಮಗಳು ಕಾರಿನಲ್ಲಿ ಕರೆದುಕೊಂಡು ಹೋದಳು. ಮೊದಲು ಆ ಊರಿನ ಗಣಪತಿ ಗುಡಿಯಲ್ಲಿ ಕೈಮುಗಿದು, ಆಮೇಲೆ ಅವರ ಮನೆಗೆ ಹೋದೆವು.

ಗೆಳತಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡು ತುಸು ಹೊತ್ತು ಬಿಡಲಿಲ್ಲ. ಉಡಿ ತುಂಬುವ ಶಾಸ್ತ್ರ ಮುಗಿದು, ಊಟವಾಗಿ, ಹೆಂಗಸರೆಲ್ಲ ಜಮಖಾನದ ಮೇಲೆ ಕುಳಿತಾಗ ಹಳೆಯ ಕಾಲನಿಯ ಮಾತು ಬಂತು. ನಾನು ರೈಲಿನ ಕಥೆ ತೆಗೆದೆ. ಯಾವತ್ತಿಗಿಂತ ಚೆನ್ನಾಗಿಯೇ ಹೇಳಿದೆ. ಕೊನೆಗೆ ಗೆಳತಿಯ ಕಡೆ ಕೈಮಾಡಿ, "ಇಲ್ಲೇ ಕುಂತಾಳ ನೋಡ್ರಿ, ಅಕೀನ ಕೇಳ್ರಿ. ನನ್ನ ಕೂಸು ಅಕಿ ಕೈಯಾಗ ಇತ್ತು" ಎಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ಅರೆ ತೆರೆದಿತ್ತು. ಆಮೇಲೆ ತಲೆ ತಗ್ಗಿಸಿ, "ಹೌದ್ರಿ ಅಕ್ಕಾ" ಎಂದಳು. ಆ ಧ್ವನಿ ನನಗೆ ಸರಿ ಅನ್ನಿಸಲಿಲ್ಲ.

ಬಂದವರು ಎದ್ದು ಹೋದ ಮೇಲೆ ನನ್ನನ್ನು ಒಳಗಿನ ಕೋಣೆಗೆ ಕರೆದಳು. ಮಂಚದ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದಳು.

"ಅಕ್ಕಾ, ಒಂದ್ ಮಾತು ಹೇಳ್ತೀನ್ರಿ. ಸಿಟ್ಟಿಗೇಳಬ್ಯಾಡ್ರಿ."

"ಏನವಾ, ಹೇಳು."

"ಅವತ್ತ ಬಿದ್ದಾಕಿ ನೀವಲ್ರಿ. ನಾನು."

ನಾನು ನಕ್ಕುಬಿಟ್ಟೆ. ಪಾಪ, ಇವಳಿಗೆ ವಯಸ್ಸಾಯಿತು ಎಂದೇ ನನಗೆ ಮೊದಲು ಹೊಳೆದದ್ದು. "ನಿನಗ ಅರಳು ಮರಳಾಗ್ಯಾದ" ಎಂದೂ ಅಂದೆ.

ಅವಳು ನನ್ನ ಪಕ್ಕ ಕುಳಿತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಎಡಗಾಲಿನ ಮುಂಭಾಗದಲ್ಲಿ ಮೊಣಕಾಲ ಕೆಳಗಿಂದ ಪಾದದ ಹತ್ತಿರದವರೆಗೆ ಚರ್ಮ ಒಳಕ್ಕೆ ಸೆಳೆದುಕೊಂಡು, ನುಣ್ಣಗೆ ಹೊಳೆಯುತ್ತಿತ್ತು. ಎರಡೂ ಬದಿಯಲ್ಲಿ ಹೊಲಿಗೆಯ ಗುರುತು.

ನನ್ನ ಕೈ ತಾನಾಗಿ ನನ್ನ ಕಾಲಿಗೆ ಹೋಯಿತು. ಸೀರೆಯ ಮೇಲಿಂದಲೇ ಸವರಿಕೊಂಡೆ. ನೋಡುವ ಅಗತ್ಯವೇ ಇರಲಿಲ್ಲ. ದಿನಾ ಸ್ನಾನದಲ್ಲಿ ನೀರು ಸುರಿದುಕೊಳ್ಳುವ ಕಾಲು. ಅದರ ಮೇಲೆ ಒಂದು ಗೀರೂ ಇಲ್ಲ. ರೈಲಿನ ಮೆಟ್ಟಿಲು ಸಿಗಿದ ಕಾಲಿನಲ್ಲಿ ಗಾಯದ ಗುರುತು ಯಾಕಿಲ್ಲ ಎಂದು ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನಮ್ಮನಿಯವರು ಹಿಡಿದದ್ದು..."

"ನನ್ನ ಕೈರಿ. ಅಣ್ಣಾರು ಇಲ್ಲದಿದ್ರ ನಾ ಅವತ್ತೇ ಹೋಗ್ತಿದ್ದೆ. ಬಳಿ ಒಡದು ಅವರ ಅಂಗೈ ತುಂಬ ರಕ್ತ ಆಗಿತ್ತು."

"ಮತ್ತ ನಾನು?"

"ನೀವು ನನ್ನ ಕೂಸಿನ ಹಿಡಕೊಂಡು ಪ್ಲಾಟ್‌ಫಾರ್ಮ್ ಮ್ಯಾಲ ನಿಂತಿದ್ರಿ. ನಿಮ್ಮ ಮಗಳು ನಮ್ಮ ಅತ್ತಿ ಕಡೆ ಮನ್ಯಾಗಿತ್ತು." ಅವಳು ನನ್ನ ಕೈ ಹಿಡಿದಳು. "ನೀವು ಮಾಡಿದ್ದು ಅದಕ್ಕಿಂತ ದೊಡ್ಡದದ ರೀ. ಅದನ್ನ ನೀವು ಹೇಳಲೇ ಇಲ್ಲ."

ಅವಳು ಹೇಳಿದ್ದು ಇಷ್ಟು. ಅವಳನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅವಳ ಕೂಸು ಬಾಟಲಿ ಬಾಯಿಗೆ ಇಡಲೊಲ್ಲದೆ ಅತ್ತು ಅತ್ತು ನೀಲಿಗಟ್ಟಿತ್ತು. ಅತ್ತೆ ದೇವರ ಮುಂದೆ ಕುಳಿತುಬಿಟ್ಟಿದ್ದಳು. ಆಗ ನಾನು ಕೂಸನ್ನು ಎತ್ತಿಕೊಂಡು ಹೋಗಿ ಎದೆಗೆ ಹಾಕಿಕೊಂಡೆನಂತೆ. ಅವಳು ಆಸ್ಪತ್ರೆಯಿಂದ ಬರುವವರೆಗೂ ಒಂದು ಮಗ್ಗುಲಿಗೆ ನನ್ನ ಮಗಳು, ಇನ್ನೊಂದು ಮಗ್ಗುಲಿಗೆ ಅವಳ ಮಗಳು. ನನ್ನ ಹಾಲು ಸಾಲದಾದಾಗ ಮೊದಲು ಅವಳ ಕೂಸಿಗೇ ಕುಡಿಸಿದೆನಂತೆ.

ಅವಳು ಮಗಳನ್ನು ಕೂಗಿದಳು. ಇಷ್ಟು ಹೊತ್ತು ಎಲ್ಲರಿಗೂ ಬಡಿಸಿ ಓಡಾಡುತ್ತಿದ್ದ ಆ ಹೆಂಗಸು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ನನ್ನ ಕಾಲು ಮುಟ್ಟಿದಳು.

"ಸಣ್ಣಾಕಿದ್ದಾಗಿಂದ ಕೇಳ್ಕೊಂತ ಬಂದೀನ್ರಿ. ನಿನಗ ಇಬ್ಬರು ಅವ್ವಂದಿರು ಅಂತಾಳ ನಮ್ಮವ್ವ. ನಿಮ್ಮನ್ನ ನೋಡಬೇಕಂತ ಭಾಳ ಆಸೆ ಇತ್ತು."

ಅವಳ ಮುಖ ನೋಡಿದೆ. ಎದೆಗೆ ಹಾಕಿಕೊಂಡು ಬದುಕಿಸಿದ ಕೂಸಿನ ಮುಖ. ನನಗೆ ಏನೂ ನೆನಪಿರಲಿಲ್ಲ. ಮಸುಕಾಗಿಯೂ ಇಲ್ಲ. ಆ ಜಾಗದಲ್ಲಿ ಗೋಡೆ ಇದ್ದಂತೆ ಇತ್ತು. ನನಗೆ ಆಗದೇ ಇದ್ದದ್ದು ಬಳೆಯ ಬಣ್ಣ ಸಮೇತ ನೆನಪಿತ್ತು, ನಾನೇ ಮಾಡಿದ್ದು ಒಂದು ಚೂರೂ ಉಳಿದಿರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ. ಆ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ನೋಡುತ್ತಲೇ ಇದ್ದೆ. ಸಂತೋಷಕ್ಕೆ ಎಂದು ತಿಳಿದು ತಾಯಿ ಮಗಳಿಬ್ಬರೂ ಕಣ್ಣೊರೆಸಿಕೊಂಡರು.

ಹಿಂದಿರುಗುವಾಗ ಕಾರು ವಾಘೋಲಿಯ ಟ್ರಾಫಿಕ್ಕಿನಲ್ಲಿ ನಿಂತಾಗ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಇದ್ದಳು.

"ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ಅಪ್ಪಾ ಹೇಳ್ತಿದ್ದದ್ದು ಹಂಗ ಇತ್ತವ್ವಾ. ಬಾಜೂ ಮನಿ ಮೌಶಿ ಬಿದ್ದಳು, ನಾ ಎಳದೆ ಅಂತ. ಆವಾಗ ನೀನೂ ಹಂಗ ಹೇಳ್ತಿದ್ದಿ."

"ನಾನಾ?"

"ಹೂಂ. ಅಪ್ಪಾ ಹೋದಮ್ಯಾಲ ಬ್ಯಾರೆ ಆತು. ಮೊದಲು, ನಾನೇ ಬೀಳ್ತಿದ್ದೆ ಅಂತಿದ್ದಿ. ಆಮ್ಯಾಲ, ಬಿದ್ದೆ ಅನ್ನಾಕತ್ತಿದಿ."

"ಮತ್ತ ಯಾಕ ಹೇಳಲಿಲ್ಲ?"

ಅವಳು ಗೇರು ಬದಲಿಸಿದಳು. "ಹೆಂಗ ಹೇಳಲಿ? ಅಪ್ಪಾ ಕೈ ಹಿಡಿದ್ರು ಅನ್ನುವಾಗ ನಿನ್ನ ಮುಖ ನೀ ನೋಡಿಲ್ಲ."

ಗೆಳತಿಯ ಮಾತಿಗಿಂತ ಇದು ಜೋರಾಗಿ ಬಡಿಯಿತು. ನಾನು ಕಥೆ ಹೇಳುವಾಗ ಮಗಳು, ಅಳಿಯ ಎಲ್ಲ ಸುಮ್ಮನೆ ಕುಳಿತು ಕೇಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅವರು ನನ್ನನ್ನು ಕಾಪಾಡುತ್ತಿದ್ದರು. ಬಂಧುಗಳ ತಕರಾರಿಗೆಲ್ಲ ಎಷ್ಟು ಗಟ್ಟಿಯಾಗಿ ತೀರ್ಪು ಕೊಟ್ಟಿದ್ದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಹೀಗೆ ಬೆಳೆದುಕೊಂಡದ್ದು, ಈಗ ಯಾರನ್ನು ಕೇಳಲಿ?

ಮುಂದಿನ ವಾರ ಮಗಳು ಡಾಕ್ಟರ ಹತ್ತಿರ ಕರೆದೊಯ್ದಳು. ನಿಧಾನದ ಮರಾಠಿಯಲ್ಲಿ ಮಾತಾಡುವ ಸಣ್ಣ ವಯಸ್ಸಿನ ಹೆಂಗಸು. ಗಡಿಯಾರ ಬರೆಸಿದಳು, ಪದಗಳನ್ನು ಹೇಳಿ ಮರಳಿ ಕೇಳಿದಳು. ಕಾಯಿಲೆ ಏನಿಲ್ಲ, ಹೆದರಬೇಡಿ ಎಂದಳು. ವಯಸ್ಸಾದಂತೆ ನಡೆದದ್ದರ ತಿರುಳು ಉಳಿಯುತ್ತದೆ, ಯಾರು ಎಲ್ಲಿ ನಿಂತಿದ್ದರು ಎಂಬಂಥ ಸಣ್ಣ ವಿವರ ಸವೆಯುತ್ತದೆ. ಸವೆದ ಕಡೆ ಮನಸ್ಸು ತನಗೆ ಬೇಕಾದ್ದನ್ನು ತುಂಬಿಕೊಳ್ಳುತ್ತದೆ. ಹೇಳಿದಷ್ಟೂ ಅದು ಗಟ್ಟಿಯಾಗುತ್ತದೆ. ಎಲ್ಲರಿಗೂ ಆಗುತ್ತದೆ, ಎಂದಳು. ಎಲ್ಲರಿಗೂ ಆಗುತ್ತದೆ ಎಂದರೆ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಪಿಂಪ್ರಿಗೆ ಹೋಗಿ ನೋಡೋಣ ಎಂದು ಹಟ ಹಿಡಿದೆ. ಒಂದು ಭಾನುವಾರ ಮಗಳು ಸ್ಟೇಷನ್ನಿಗೆ ಕರೆದೊಯ್ದಳು. ಬೆಂಚಿನ ಮೇಲೆ ಕುಳಿತೆ. ಒಂದು ಲೋಕಲ್ ಬಂತು. ಕಣ್ಣು ಮುಚ್ಚಿ, ಬಿದ್ದವಳು ಅವಳು, ನಾನು ಕೂಸು ಹಿಡಿದು ನಿಂತವಳು, ಎಂದು ನನಗೆ ನಾನೇ ಹೇಳಿಕೊಂಡೆ. ರೈಲು ಹೊರಟಿತು. ಕಾಲ ಕೆಳಗೆ ನೆಲ ತಪ್ಪಿತು, ಮುಂಗೈ ಮೇಲೆ ಅವರ ಹಿಡಿತ ಬಿತ್ತು, ಬಳೆ ಒಡೆಯಿತು. ನಿಜ ಗೊತ್ತಾದ ಮೇಲೂ ಬೀಳುವವಳು ನಾನೇ. ಕಣ್ಣು ಬಿಟ್ಟಾಗ ಮೈಯೆಲ್ಲ ಬೆವೆತಿತ್ತು. ಮಗಳು ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟಳು.

ರಾಂಜಣಗಾಂವದ ಆ ಮಗಳು ಆಗಾಗ ಫೋನು ಮಾಡತೊಡಗಿದ್ದಳು. ಉಂಡಿರಾ, ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಿದ್ದಳು. ನೆನಪಿಲ್ಲದ ಕೆಲಸಕ್ಕೆ ಪ್ರೀತಿ ತೆಗೆದುಕೊಳ್ಳಲು ಕಷ್ಟವಾಗುತ್ತಿತ್ತು. ಒಂದು ದಿನ ಹೇಳಿಯೇಬಿಟ್ಟೆ: "ನೋಡವಾ, ನಿನಗ ಹಾಲು ಕುಡಿಸಿದ್ದು ನನಗ ನೆನಪೇ ಇಲ್ಲ."

"ನನಗೂ ನೆನಪಿಲ್ರಿ" ಎಂದಳು.

ಅವಳ ಮಗಳಿಗೆ ಹೆರಿಗೆಯಾಗಿ, ಕೂಸು ನೋಡಲು ಮತ್ತೆ ಹೋದೆವು. ಗಂಡು ಕೂಸು. ನನ್ನ ತೊಡೆಯ ಮೇಲೆ ಮಲಗಿಸಿದರು. ಬಂದಿದ್ದ ನೆಂಟರಲ್ಲೊಬ್ಬಳು, "ಅಜ್ಜಿ, ರೈಲಿನ ಕಥಿ ಹೇಳ್ರಲ್ಲ" ಎಂದಳು.

"ಬಿದ್ದಾಕಿ ಅಕಿ" ಎಂದು ಗೆಳತಿಯನ್ನು ತೋರಿಸಿದೆ. "ಅಕೀನೇ ಹೇಳ್ತಾಳ."

ಗೆಳತಿ ಒಮ್ಮೆ ನನ್ನ ಮುಖ ನೋಡಿ, ಹೇಳಲು ಶುರು ಮಾಡಿದಳು. ನಾನು ಅಡ್ಡ ಬಾಯಿ ಹಾಕಲಿಲ್ಲ. ಅವಳ ಅತ್ತೆ ದೇವರ ಮುಂದೆ ಕುಳಿತದ್ದು, ಪಕ್ಕದ ಮನೆಯ ಹೆಂಗಸು ಒಳಗೆ ಬಂದು ಅಳುವ ಕೂಸನ್ನು ಎತ್ತಿಕೊಂಡದ್ದು ಬಂದಾಗ ಉಸಿರು ಬಿಗಿಹಿಡಿದು ಕೇಳಿದೆ, ಮುಂದೇನಾಗುತ್ತದೋ ಗೊತ್ತಿಲ್ಲದವಳ ಹಾಗೆ. ಅಷ್ಟರಲ್ಲಿ ತೊಡೆಯ ಮೇಲಿನ ಕೂಸು ಹೊರಳಿ, ನನ್ನ ಸೆರಗಿಗೆ ಬಾಯಿ ಹಾಕಿ ತಡಕಾಡಿತು. ನಾನು ಬೆಚ್ಚಿಬಿದ್ದೆ. ಕಾಯುತ್ತಾ ಕುಳಿತೆ. ಯಾವ ನೆನಪೂ ಬರಲಿಲ್ಲ.

"ಹಸಿವಾಗ್ಯಾದ ಅದಕ್ಕ" ಎನ್ನುತ್ತಾ ಕೂಸಿನ ತಾಯಿ ಕೈ ಚಾಚಿದಳು. ಕೂಸನ್ನು ಎತ್ತಿ ಅವಳಿಗೆ ಕೊಟ್ಟೆ.