ಕರಬಸಪ್ಪ ಸರ್ ಹೊರಬೀಡು ಮಾಡಿದ್ದು

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಕರಬಸಪ್ಪನವರು ಹಾಸ್ಟೆಲ್ಲಿನ ವಾರ್ಡನ್ನೂ ಆಗಿದ್ದರು. ಹುಡುಗರು ನಲ್ಲಿ ಬಂದ್ ಮಾಡದೆ ಹೋದರೂ ಸಾಕು, ನೋಟೀಸ್ ಬೋರ್ಡಿನ ಮೇಲೆ ಒಂದು ಆಜ್ಞೆ ಹತ್ತುತ್ತಿತ್ತು. ಆಜ್ಞೆಯ ಕೆಳಗೆ ಸಹಿ, ಸಹಿಯ ಕೆಳಗೆ ಸೀಲು, ಎಲ್ಲಕ್ಕಿಂತ ಕೆಳಗೆ ಎಲ್ಲಕ್ಕಿಂತ ದಪ್ಪಗೆ ‘ಎಂ.ಎ.’

ಅವರ ಬದುಕಿನ ದೊಡ್ಡ ದಿನವೆಂದರೆ ಧಾರವಾಡದ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ ದಿನ. ಹೆಂಡತಿ ಪ್ರೇಮವ್ವ ಎದುರಿಗೆ ಕುಳಿತಿದ್ದರೂ ಮದುವೆಯ ದಿನಕ್ಕೆ ಅವರು ಎರಡನೆಯ ಸ್ಥಾನವನ್ನೇ ಕೊಡುತ್ತಿದ್ದರು. ಪ್ರಬಂಧದ ವಿಷಯ ಹೊರಬೀಡು. ರೋಗ ರುಜಿನ ಬಂದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಗಳಿಗೆಲ್ಲ ಬೀಗ ಹಾಕಿ, ಊರಬಾಗಿಲಿಗೆ ಮುಳ್ಳು ಹಚ್ಚಿ, ದನಕರು ಸಮೇತ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಅಲ್ಲೇ ಅಡಿಗೆ, ಅಲ್ಲೇ ಊಟ, ಹೊತ್ತು ಮುಳುಗಿದ ಮೇಲೆ ಮನೆ. ಇದನ್ನು ಕರಬಸಪ್ಪನವರು ‘ಅಜ್ಞಾನದ ಸಾಮೂಹಿಕ ಪ್ರವಾಸ’ ಎಂದು ಕರೆದು ಪ್ರಬಂಧ ಮುಗಿಸಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಅದು ಊಟಕ್ಕೆ ಮುಂಚಿನ ಕೊನೆಯ ಪ್ರಬಂಧವಾಗಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ.

ಹೀಗಿರುವಾಗ ತೊಂಬತ್ನಾಲ್ಕರಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಬಂತು. ನಮ್ಮೂರಿಗೆ ಪ್ಲೇಗು ಬರಲಿಲ್ಲ. ಅಂಜಿಕೆ ಮಾತ್ರ ಮೊದಲನೇ ಗಾಡಿಗೇ ಬಂದಿಳಿಯಿತು. ಪ್ರಿನ್ಸಿಪಾಲರು ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡೇ ಮೀಟಿಂಗ್ ನಡೆಸಿದರು. ಅವರ ಮಾತು ಯಾರಿಗೂ ತಿಳಿಯದ ಕಾರಣ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಪಾಸಾದವು. ಹಾಸ್ಟೆಲ್ ಖಾಲಿ ಮಾಡಬೇಕು ಎಂಬುದು ಅವುಗಳಲ್ಲೊಂದು. ವಿಶ್ವವಿದ್ಯಾಲಯದಿಂದಲೂ ಒಂದು ಸುತ್ತೋಲೆ ಬಂದಿತ್ತು: ಪರೀಕ್ಷೆ ಮುಂದೆ ಹೋಗುವುದಿಲ್ಲ, ಕಾಲೇಜುಗಳು ವಿದ್ಯಾರ್ಥಿಗಳಿಗೆ ಸಾಧ್ಯವಿದ್ದ ಎಲ್ಲ ನೆರವು ನೀಡತಕ್ಕದ್ದು.

“ನೆರವು ಅಂದ್ರ ಏನ್ ಮಾಡೂದ್ರಿ ಸರ್?” ಎಂದು ಕರಬಸಪ್ಪನವರು ಕೇಳಿದರು.

ಪ್ರಿನ್ಸಿಪಾಲರು ಕರವಸ್ತ್ರ ಒಂದಿಷ್ಟು ಸರಿಸಿ, “ನೋಟೀಸ್ ಹಾಕ್ರಿ,” ಎಂದರು.

ನೋಟೀಸ್ ಹಾಕಲು ಹೋದಾಗ ಅದನ್ನು ಓದಲು ಉಳಿದಿದ್ದವನು ಒಬ್ಬನೇ, ಬಿ.ಎ. ಕೊನೆಯ ವರ್ಷದ ಮೈಲಾರೆಪ್ಪ. ಟ್ರಂಕಿನ ಮೇಲೆ ಕುಳಿತಿದ್ದ.

“ಓದಿದಿ?”

“ಓದಿನ್ರಿ ಸರ.”

“ತಿಳೀತು?”

“ಎಲ್ಲಾ ತಿಳೀತ್ರಿ. ನಾ ಎಲ್ಲಿ ಹೋಗ್ಲಿ ಅನ್ನೂದೊಂದು ತಿಳೀಲಿಲ್ರಿ.”

ಸೂರತ್ತಿನ ಸೀರೆ ಗಿರಣಿಯಲ್ಲಿದ್ದ ಅವನ ಅಣ್ಣ ಊರಿಗೆ ಹೋಗುವಾಗ ಒಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಮಲಗಿ ಹೋಗಿದ್ದ. ಕೆಮ್ಮಿಲ್ಲ, ಜ್ವರವಿಲ್ಲ. ಆದರೂ ಕದರಮಂಡಲಗಿಯಾಚೆಯ ಅವರ ಹಳ್ಳಿಯವರು ಅಣ್ಣನನ್ನು ಹೊಲದಲ್ಲೇ ನಿಲ್ಲಿಸಿದ್ದರು. ‘ನೀನೂ ಬರಬ್ಯಾಡಪಾ’ ಎಂದು ತಾಯಿ ಹೊಳಿಯವ್ವ ಬಸ್ಸಿನವರ ಬಾಯಲ್ಲಿ ಹೇಳಿಕಳಿಸಿದ್ದಳು. ಪರೀಕ್ಷೆ ಮುಂದಿನ ವಾರವಿತ್ತು. ಅದು ತಪ್ಪಿದರೆ ಮೈಲಾರೆಪ್ಪನೂ ಅಣ್ಣನ ಹಿಂದೆ ಗಿರಣಿಗೇ ಹೋಗಬೇಕು, ಮನೆಯಲ್ಲಿ ಇನ್ನೊಂದು ವರ್ಷ ಓದಿಸುವ ಶಕ್ತಿ ಇರಲಿಲ್ಲ.

ಕರಬಸಪ್ಪನವರು ಅವನನ್ನು ಮನೆಗೆ ಕರೆತಂದರೆ ಮನೆ ಮಾಲಕ ಗೇಟಿನಲ್ಲೇ ಕೈ ಅಡ್ಡ ಹಿಡಿದ. ಒಳಗಿನಿಂದ ಪ್ರೇಮವ್ವ ಬಂದರು.

“ಮೋಟೆಬೆನ್ನೂರ ಕಡೆ ನಮ್ಮಪ್ಪನ ಹೊಲದಾಗ ಗುಡಿಸಲ ಐತೆಲ್ಲಾ. ಅಲ್ಲಿ ಹೋಗಿ ಇದ್ರಾತು.”

“ಅಂದ್ರ ಹೊರಬೀಡಂತೀಯೇನು? ನಾನು? ಧಾರವಾಡದಾಗ ನಾ ಏನ್ ಓದೇನಿ ಗೊತ್ತೈತೇನು?”

“ನೀವು ಏನರ ಅನ್ರಿ. ಹಿಟ್ಟಿನ ಡಬ್ಬಿ ಎತ್ತಿಕೊಳ್ರಿ.”

ಎಂ.ಎ. ಪದವೀಧರರು ಹಿಟ್ಟಿನ ಡಬ್ಬಿ ಎತ್ತಿಕೊಂಡರು.

ಗುರುವಾರ ಸಂಜೆ ಹೊಲದಲ್ಲಿ ಹೊಗೆ ಎದ್ದದ್ದನ್ನು ಕಂಡು ಆ ಊರಿನ ಹಿರಿಯ ಕೊಟ್ರಪ್ಪ ವಿಚಾರಿಸಲು ಬಂದ. ಕೇಳುವವನೊಬ್ಬ ಸಿಕ್ಕನಲ್ಲ ಎಂದು ಕರಬಸಪ್ಪನವರು ಸೂರತ್, ಇಲಿ, ಚಿಗಟ ಎಲ್ಲವನ್ನೂ ವಿವರಿಸಿ, ಅಂಜುವ ಕಾರಣವೇ ಇಲ್ಲ ಎಂದು ಮುಗಿಸಿದರು. ಕೊಟ್ರಪ್ಪ ಗಮನವಿಟ್ಟು ಕೇಳಿದ. ಅಂಜುವ ಕಾರಣವಿಲ್ಲ ಎನ್ನುವ ಮನುಷ್ಯ ಹೆಂಡತಿ ಸಮೇತ ಮನೆಗೆ ಬೀಗ ಹಾಕಿ ಹೊಲಕ್ಕೆ ಬಂದಿದ್ದಾನೆ ಎಂಬುದನ್ನೂ ಗಮನವಿಟ್ಟು ನೋಡಿದ.

ಶುಕ್ರವಾರ ಬೆಳಿಗ್ಗೆ ಗುಡಿಸಲಿನಿಂದ ಹೊರಗೆ ಬಂದರೆ ಸುತ್ತಲಿನ ಹೊಲಗಳ ತುಂಬ ಗಡಿಗೆ, ಮಕ್ಕಳು, ಆಡು, ಎಮ್ಮೆ. ಊರಿಗೆ ಊರೇ ಹೊರಬಿದ್ದಿತ್ತು.

“ಕಾಲೇಜಿನವ್ರ ಹೊರಗ ಬಂದಾರಂದಮ್ಯಾಲ ನಾವೇನ್ ಒಳಗ ಕುಂದ್ರೂದ್ರಿ?” ಎಂದ ಕೊಟ್ರಪ್ಪ.

ಕರಬಸಪ್ಪನವರು ಇಷ್ಟು ವರ್ಷ ಪಾಠ ಹೇಳಿದ್ದರೂ ಕೇಳಿದವರು ಎದ್ದು ಏನಾದರೂ ಮಾಡಿದ್ದು ಅದೇ ಮೊದಲು. ಹಿಗ್ಗಬೇಕೋ ನಾಚಬೇಕೋ ತಿಳಿಯದೆ ಒಲೆಗೆ ಕಟ್ಟಿಗೆ ಒಟ್ಟಿದರು.

ಊಟದ ಹೊತ್ತಿಗೆ ಮೈಲಾರೆಪ್ಪನ ಗುರುತು ಯಾರಿಗೋ ಸಿಕ್ಕಿತು. ಒಲೆಯಿಂದ ಒಲೆಗೆ ಮಾತು ಹಾರಿತು. ಕೊಟ್ರಪ್ಪ ನಾಲ್ಕಾರು ಜನರೊಂದಿಗೆ ಎದ್ದು ಬಂದ. ದನಿಯೇ ಬೇರೆಯಾಗಿತ್ತು.

“ಸೂರತ್ತಿನವನ ತಮ್ಮ ಇಂವನ ಏನ್ರಿ? ಯಾರಿಗಂಜಿ ಹೊರಗ ಬಂದೇವಿ, ಅಂವನ್ನ ನಡುವ ಕುಂದ್ರಿಸಿಕೊಂಡೀರಿ? ಕಳಸ್ರಿ ಅವನ್ನ.”

ಮೈಲಾರೆಪ್ಪ ಪುಸ್ತಕ ಮುಚ್ಚಿ ಟ್ರಂಕಿಗೆ ಕೈ ಹಾಕಿದ. ಕರಬಸಪ್ಪನವರು ಬಾಯಿ ತೆರೆದರು, ಪಾಠ ಬರಲಿಲ್ಲ. “ಪರೀಕ್ಷಾ ಐತ್ರಿ ಅವಂದು,” ಎಂದಷ್ಟೇ ಅಂದು, ಹೋಗಿ ಅವನ ಟ್ರಂಕಿನ ಮೇಲೆ ಕುಳಿತುಬಿಟ್ಟರು.

ಪಕ್ಕದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮುದುಕಿ ಕರೆವ್ವ ಕೈ ನಿಲ್ಲಿಸಲಿಲ್ಲ. “ಏ ಕೊಟ್ರ್ಯಾ, ಎಲ್ಲಾರೂ ಹೊರಗ ಬಂದೇವಿ. ಹೊರಗ ಬಂದವನ್ನ ಇನ್ನೆಲ್ಲಿ ಹೊರಗ ಹಾಕ್ತೀಯೋ? ಇವತ್ತು ಯಾರಿಗೂ ಮನಿ ಇಲ್ಲ. ಕುಂದ್ರು, ಉಣ್ಣು.” ಹಾಗೆಂದು ಒಂದು ಬಿಸಿ ರೊಟ್ಟಿಯನ್ನು ಮೈಲಾರೆಪ್ಪನ ಕೈಗೆ ಹಾಕಿದಳು.

ಕೊಟ್ರಪ್ಪ ಕುಳಿತ. ಸ್ವಲ್ಪ ದೂರದಲ್ಲೇ ಕುಳಿತ, ಆದರೂ ಕುಳಿತ. ಹೊತ್ತು ಮುಳುಗಿದ ಮೇಲೆ ಊರು ಊರೊಳಗೆ ಹೋಯಿತು. ಗುಡಿಸಲಿನಲ್ಲೇ ಉಳಿದ ಈ ಮೂವರ ದೀಪದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ಆಮೇಲೆ ಕರಬಸಪ್ಪನವರು ನಿವೃತ್ತರಾಗುವವರೆಗೂ ಧಾರವಾಡದ ಪ್ರಬಂಧದ ಮಾತು ಎತ್ತಿದ್ದನ್ನು ನಾವು ಕೇಳಲಿಲ್ಲ. ನೋಟೀಸ್ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಮನುಷ್ಯ ಒಂದೇ ಸಲಕ್ಕೆ ಎಷ್ಟು ಸುಧಾರಿಸಬೇಕು?

ಪರೀಕ್ಷೆಯ ದಿನ ಮೈಲಾರೆಪ್ಪನಿಗೆ ವರಾಂಡದ ತುದಿಯಲ್ಲಿ ಒಂದು ಬೆಂಚು ಹಾಕಿದ್ದರು. ಉಳಿದ ಹುಡುಗರು ಕೋಣೆಯೊಳಗೆ. ಅತ್ತ ಮೇಲ್ವಿಚಾರಣೆಗೆ ಹೋಗಲು ಯಾರೂ ಒಪ್ಪಲಿಲ್ಲವಾದ್ದರಿಂದ ಕರಬಸಪ್ಪನವರೇ ಹೋದರು. ಕುರ್ಚಿ ಬಿಟ್ಟು ಅವನ ಬೆಂಚಿನ ಮೇಲೆಯೇ, ಮೈಗೆ ಮೈ ತಾಗುವಂತೆ, ಕಿಟಕಿಯಿಂದ ಎಲ್ಲರಿಗೂ ಕಾಣುವಂತೆ ಎದೆ ಸೆಟೆಸಿ ಕುಳಿತರು.

ಹುಡುಗ ಒಂದು ಪುಟ ಹೇಗೋ ಬರೆದ. ಕೊನೆಗೆ ಮೆಲ್ಲಗೆ ಹೇಳಿದ: “ಸರ, ಒಂಚೂರು ಆಕಡೆ ಸರೀರಿ. ಕೈ ಆಡವಲ್ದು, ಬರ್ಯಾಕ ಆಗವಲ್ದು.”

ಕರಬಸಪ್ಪನವರು ಸರಿದು ಕುಳಿತರು.