ಓರ್ದನ್ ಹಿಂದಕ್ಕೆ ಹೆಜ್ಜೆ ಇಟ್ಟದ್ದು

ಪ್ರಿಲೇಪ್ ಎಂಬ ಊರಿನ ಕಲ್ಲುಕುಟಿಗರ ಬೀದಿಯಲ್ಲಿ ಓರ್ದನ್‌ನ ಕೈಯಿಂದ ಒಂದಾದರೂ ಏಟು ತಿನ್ನದವರು ಕಡಿಮೆ. ಕೈ ಮೊದಲು, ಮಾತು ಆಮೇಲೆ. ಅದು ಅವನ ಜಾಯಮಾನ. ತನ್ನ ಮದುವೆಯಲ್ಲೇ, ಕೇಳಿದ ಹಾಡು ಬಾರಿಸಲಿಲ್ಲವೆಂದು ಡೋಲಿನೊಳಗೆ ಕಾಲು ತೂರಿಸಿದ ಮಹಾಶಯ. ಲಾರಿಯನ್ನು ಗೋಡೆಗೆ ತಾಗಿಸಿದ ಡ್ರೈವರನನ್ನು ಕಿಟಕಿಯಿಂದಲೇ ಎಳೆದು ಹಾಕಿದವನು. ಅವನ ಎಡಗಿವಿಯ ಮೇಲ್ತುದಿ ಇಲ್ಲ. ಅದನ್ನು ಕಚ್ಚಿ ಕಿತ್ತವನು ಅವನ ಹೆಂಡತಿಯ ತಮ್ಮ ಸ್ಪಾಸೆ. ಅದಕ್ಕೆ ಪ್ರತಿಯಾಗಿ ಸ್ಪಾಸೆಯ ಮೂಗು ಅಂದಿನಿಂದ ಸೊಟ್ಟ. ಇಬ್ಬರದೂ ಗೋರಿಕಲ್ಲಿನ ಅಂಗಡಿ, ಬೀದಿಯ ಆಚೆಗೊಂದು ಈಚೆಗೊಂದು. ವೆಲಿಕಾ ಬದುಕಿದ್ದಷ್ಟು ದಿನ ಗಂಡನಿಗೂ ತಮ್ಮನಿಗೂ ನಡುವೆ ನಿಂತು ತಡೆಯುತ್ತಿದ್ದಳು. ಅವಳು ಮಣ್ಣಿಗೆ ಹೋದ ಮೇಲೆ ತಡೆಯುವವರು ಯಾರು?

ಒಬ್ಬಳ ಮೇಲೆ ಮಾತ್ರ ಓರ್ದನ್ ಎಂದೂ ಕೈ ಎತ್ತಿರಲಿಲ್ಲ: ಮಗಳು ಕ್ರುನಾ. ಇದನ್ನು ಅವನು ರಾಕಿಯಾ ಸಾರಾಯಿ ಕುಡಿದಾಗಲೆಲ್ಲ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ. ಕೆತ್ತನೆಯ ಯಂತ್ರ ನಡೆಸುತ್ತಿದ್ದವಳು ಅವಳೇ. ಸತ್ತವರ ಫೋಟೊವನ್ನು ಕಂಪ್ಯೂಟರಿಗೆ ಕೊಟ್ಟರೆ, ಯಂತ್ರದ ಭಾರವಾದ ತಲೆ ಗರಗರ ತಿರುಗುವ ಮೊನೆಯೊಂದಿಗೆ ಕರಿಕಲ್ಲಿನ ಮೇಲೆ ಓಡಾಡಿ ಆ ಮುಖವನ್ನು ಕೊರೆದಿಡುತ್ತಿತ್ತು. ಕಂಪ್ಯೂಟರಿನಲ್ಲಿದ್ದದ್ದು ಯಂತ್ರ ನಡೆಸುವ ತಂತ್ರಾಂಶದ ಹಳೆಯ, ಪಳಗಿದ ಆವೃತ್ತಿ. ನಿಧಾನ, ಆದರೆ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಆ ಯಂತ್ರದ ನೆಮ್ಮದಿ ಹಾಳಾದದ್ದು ಗೋರಿಗಳಿಗೆ ಎಡೆ ಇಡುವ ಸತ್ತವರ ಶನಿವಾರದಂದು. ಊರಿಗೆ ಊರೇ ಬೇಯಿಸಿದ ಗೋಧಿ, ವೈನು ಹಿಡಿದು ಗೋರಿಗಳ ನಡುವೆ ನಿಂತಿತ್ತು. ವೆಲಿಕಾಳ ಗೋರಿಯಿಂದ ಸ್ವಲ್ಪ ದೂರದಲ್ಲಿ ಸ್ಪಾಸೆ ಹೊಸ ಕಲ್ಲಿನ ಮೇಲಿಂದ ಬಟ್ಟೆ ಎಳೆದ. ಆಳೆತ್ತರದ ಕರಿಕಲ್ಲು. ಅದರಲ್ಲಿ ಸ್ಪಾಸೆಯದೇ ಚಿತ್ರ, ಸೂಟು ತೊಟ್ಟು, ಕೈಯಲ್ಲಿ ಗ್ಲಾಸು ಹಿಡಿದು, ಮೂಗು ನೆಟ್ಟಗೆ. ಹುಟ್ಟಿದ ವರ್ಷ ಇತ್ತು, ಸಾಯುವ ವರ್ಷದ ಜಾಗ ಖಾಲಿ. ಬದುಕಿರುವಾಗಲೇ ಕಲ್ಲು ನಿಲ್ಲಿಸುವುದು ಅಲ್ಲಿ ಹೊಸದೇನಲ್ಲ, ಆದರೆ ಇಷ್ಟು ನಯವಾದ ಕೆತ್ತನೆಯನ್ನು ಯಾರೂ ಕಂಡಿರಲಿಲ್ಲ.

"ಹೆಂಗಿದೆ ಭಾವ?" ಎಂದ ಸ್ಪಾಸೆ. "ನನ್ನ ಕಂಪ್ಯೂಟರಲ್ಲಿ ಹೊಸಾದು ಹಾಕ್ಸಿದೀನಿ. ನಿಮ್ಮದಿನ್ನೂ ಅಜ್ಜಿ ಕಾಲದ್ದೇನೋ?"

ಜನ ನಕ್ಕರು. ಓರ್ದನ್‌ನ ಮೈ ಉರಿದುಹೋಯಿತು. ಗೋಧಿಯ ಬಟ್ಟಲನ್ನು ಸ್ಪಾಸೆಯ ಎದೆಗೆ ಎಸೆದು, ಪಾದ್ರಿಯನ್ನೂ ಪಕ್ಕಕ್ಕೆ ತಳ್ಳಿ, ಮನೆಗೆ ಬಂದವನೇ ಮಗಳ ಮುಂದೆ ನಿಂತ.

"ಅವನತ್ರ ಇರೋದಕ್ಕಿಂತ ಹೊಸಾದು ಬೇಕು. ಮುಂದಿನ ಸತ್ತವರ ಶನಿವಾರಕ್ಕೆ ನನ್ನ ಕಲ್ಲು ನಿಂತಿರ್ಬೇಕು, ನಿಮ್ಮಮ್ಮನ ಪಕ್ಕ."

"ಅದಕ್ಕಿಂತ ಹೊಸಾದು ಅಂದ್ರೆ ಇನ್ನೂ ತಯಾರಾಗ್ತಿರೋದು, ಅಪ್ಪ. ಮಾಡೋರೇ ದಿನಾ ಬಿಚ್ಚಿ ಕಟ್ಟಿ ನೋಡ್ತಿದ್ದಾರೆ. ಕೆಲಸಕ್ಕೆ ಬಳಸ್ಬೇಡಿ ಅಂತ ಅವರೇ ಹೇಳಿದ್ದಾರೆ."

"ಅವರು ಸ್ಪಾಸೆಗೆ ಹೇಳಿರ್ತಾರೆ. ಹಾಕೇ ನೀನು."

ಹಾಕಿದಳು. ಹಳೆಯದರಿಂದ ಹೊಸದಕ್ಕೆ ಹತ್ತುವುದು ಸುಲಭ; ಅದು ತಾನಾಗಿ ಹತ್ತಿ, ಯಂತ್ರದ ವೇಗ, ಆಳದಂಥ ಹೊಂದಿಕೆಗಳನ್ನೆಲ್ಲ ತನಗೆ ಬೇಕಾದಂತೆ ತಿದ್ದಿ ಬರೆದುಕೊಂಡಿತು. ಕೆಲವು ವಾರ ಓರ್ದನ್ ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡಿದ. ನೆರಳು ಬೆಳಕುಗಳೆಲ್ಲ ಅಷ್ಟು ಚೆಂದ ಬರುತ್ತಿದ್ದವು.

ಆಮೇಲೆ ಒಂದು ದಿನ ಯಾರದೋ ತಾಯಿಯ ಮುಖ ಕೆತ್ತುತ್ತಿದ್ದಾಗ ಮೊನೆ ಇದ್ದಕ್ಕಿದ್ದಂತೆ ಕೆಳಗೆ ಧುಮುಕಿ ಆ ಮುದುಕಿಯ ಕಣ್ಣನ್ನೇ ಕಿತ್ತುಹಾಕಿತು. ಅದನ್ನು ಕಂಡ ಅವಳ ಇಬ್ಬರು ಗಂಡುಮಕ್ಕಳು ಅಂಗಡಿಯ ಗಾಜು ಒಡೆದರು. ಓರ್ದನ್ ಕಲ್ಲು ಸೀಳುವ ಸುತ್ತಿಗೆ ಹಿಡಿದು ಹೊರಗೆ ಬಂದ. ತಪ್ಪು ತನ್ನದೆಂದು ಗೊತ್ತಿದ್ದೂ ಹೊಡೆದ, ಇಂಥವನನ್ನು ಏನೆನ್ನೋಣ! ದೊಡ್ಡವನ ಮುಂಗೈ ಮುರಿಯಿತು. ಚಿಕ್ಕವನು ಓರ್ದನ್‌ನ ಎರಡು ಹಲ್ಲು ಉದುರಿಸಿದ. ರಕ್ತ ಉಗುಳುತ್ತಲೇ ಅವನು ಮಗಳತ್ತ ತಿರುಗಿದ.

"ಕಲ್ಲು ಬದಲಾಯ್ಸು. ಶುರು ಮಾಡು."

"ಹಳೇದಕ್ಕೆ ಇಳಿಸೋಣ ಅಪ್ಪ. ನನಗೆ ಭಯ ಆಗ್ತಿದೆ."

"ಇಳಿಸೋದಾ? ಸ್ಪಾಸೆ ಮುಂದೆ ನಾನು ಚಡ್ಡಿ ಬಿಚ್ಚಿ ನಿಲ್ಲೋದೂ ಒಂದೇ, ಅದೂ ಒಂದೇ. ನಾನು ಹಿಂದೆ ಹೆಜ್ಜೆ ಇಟ್ಟೋನಲ್ಲ ಕಣೆ."

ಅವಳ ಮಾತಿಗೆ ಅವನು ಸೊಪ್ಪು ಹಾಕಲಿಲ್ಲ. ಇನ್ನೊಂದು ಕಾಟವೂ ಶುರುವಾಗಿತ್ತು. ಯಂತ್ರದ ಪಕ್ಕದಲ್ಲಿ ಅಂಗೈಯಗಲದ ಕೆಂಪು ಗುಂಡಿ ಇದೆ. ಒತ್ತಿದರೆ ಎಲ್ಲವೂ ಅಲ್ಲಲ್ಲೇ ನಿಲ್ಲಬೇಕು. ಹೊಸ ಆವೃತ್ತಿ ಯಾರೂ ಮುಟ್ಟದಿದ್ದರೂ ಗುಂಡಿ ಒತ್ತಿದರೆಂದು ಬಗೆದು ನಡುನಡುವೆ ನಿಂತುಬಿಡುತ್ತಿತ್ತು. ನಿಂತ ಜಾಗದಲ್ಲೆಲ್ಲ ಕಲ್ಲಿಗೆ ಕಲೆ. ಕ್ರುನಾ ಬ್ರೆಡ್ ತರಲು ಹೋಗಿದ್ದ ಒಂದು ಮಧ್ಯಾಹ್ನ ಓರ್ದನ್ ಗುಂಡಿಯ ಹಿಂದಿನ ಪೆಟ್ಟಿಗೆ ಬಿಚ್ಚಿ, ಕಲ್ಲು ಕಟ್ಟುವ ತಂತಿಯ ತುಂಡಿನಿಂದ ಒಳಗಿನ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿ ಬಿಗಿದುಬಿಟ್ಟ. ಇನ್ನು ಗುಂಡಿಯ ಮಾತು ಯಂತ್ರದ ಕಿವಿಗೆ ಬೀಳುವಂತಿರಲಿಲ್ಲ. ಪೆಟ್ಟಿಗೆ ಮುಚ್ಚಿದ. ಯಾರಿಗೂ ಹೇಳಲಿಲ್ಲ. ಅಂದಿನಿಂದ ಯಂತ್ರ ನಡುವೆ ನಿಲ್ಲಲಿಲ್ಲ, ಅವನಿಗೆ ಖುಷಿಯೋ ಖುಷಿ.

ಅವನದೇ ಕಲ್ಲು ಮೇಜಿನ ಮೇಲೇರಿತು. ಸ್ಪಾಸೆಯದಕ್ಕಿಂತ ಒಂದು ಗೇಣು ಎತ್ತರ. ಹಣೆ ಬಂತು, ಮೀಸೆ ಬಂತು, ಇಲ್ಲದ ಕಿವಿಯ ತುದಿಯೂ ಬಂತು. ಒಂದು ಬೆಳಿಗ್ಗೆ ಯಂತ್ರದ ತಲೆ ಮೇಲೆ ಸರಿದು ನಿಂತಾಗ, ಗಲ್ಲದ ಬಳಿ ಕೂತ ಪುಡಿ ಒರೆಸಲು ಕ್ರುನಾ ಕೈ ಚಾಚಿದಳು. ಯಾರೂ ಅಪ್ಪಣೆ ಕೊಡದೆಯೇ ತಲೆ ಧಡಾರನೆ ಕೆಳಗಿಳಿಯಿತು.

ಓರ್ದನ್ ಅಂಗಳದಲ್ಲಿದ್ದ. ಅವಳ ಕೂಗು ಕೇಳಿ ಒಳಗೆ ಓಡಿದಾಗ ಮೊನೆ ಮಗಳ ಬಲಗೈ ಬೆರಳುಗಳ ಮೇಲೆ ಗರಗರ ತಿರುಗುತ್ತಿತ್ತು. ಕಲ್ಲಿನ ಮುಖದ ಮೇಲೆಲ್ಲ ರಕ್ತ. ಅವನು ಯಂತ್ರದ ತಲೆಗೆ ಹೆಗಲು ಕೊಟ್ಟು ಎತ್ತಿದ, ಒದ್ದ, ಗುದ್ದಿದ. ಜೀವಮಾನವಿಡೀ ಗುದ್ದಿ ಗೆದ್ದವನಿಗೆ ಅಂದು ಅದು ಕೆಲಸಕ್ಕೆ ಬರಲಿಲ್ಲ. ಎದುರಿನ ಅಂಗಡಿಯಿಂದ ಓಡಿಬಂದ ಸ್ಪಾಸೆ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಎಳೆದು ಆರಿಸಿದ. ಅಷ್ಟರಲ್ಲಿ ತಲೆ ಪಕ್ಕಕ್ಕೆ ಸರಿದು ಕಲ್ಲಿನ ಓರ್ದನ್‌ನ ಕುತ್ತಿಗೆಗೆ ಅಡ್ಡಲಾಗಿ ಆಳವಾದ ಗೀರು ಎಳೆದಿತ್ತು.

ಕ್ರುನಾಳ ತೋರುಬೆರಳೂ ನಡುಬೆರಳೂ ಹೋದವು. ಆಸ್ಪತ್ರೆಯ ಅಂಗಳದಲ್ಲಿ ಸ್ಪಾಸೆ ಓರ್ದನ್‌ನ ಕೊರಳಪಟ್ಟಿ ಹಿಡಿದ.

"ನನ್ನಕ್ಕನ ಮಗಳನ್ನ ಕೊಂದೇ ಹಾಕ್ತಿದ್ಯಲ್ಲೋ, ಕತ್ತೆ!"

"ನಿನ್ನ ಸೂಟು, ನಿನ್ನ ಗ್ಲಾಸು, ಅದರಿಂದಲೇ ಕಣೋ ಎಲ್ಲಾ!"

ಇಬ್ಬರು ಮುದುಕರು ಆಂಬ್ಯುಲೆನ್ಸಿನ ಚಕ್ರದ ಬಳಿ ಬಿದ್ದು ಉರುಳಾಡಿದರು. ಸ್ಪಾಸೆಯ ಹುಬ್ಬು ಸೀಳಿತು, ಓರ್ದನ್‌ನ ಪಕ್ಕೆಲುಬು ಲಟಕ್ಕೆಂದಿತು. ಕಾವಲಿನವರು ಬಿಡಿಸಿದ ಮೇಲೆ ಸ್ಪಾಸೆ ನೆಲದಲ್ಲೇ ಕೂತು ಏದುಸಿರು ಬಿಡುತ್ತ ಹೇಳಿದ:

"ಹಳೇದಕ್ಕೇ ಇಳಿಸೋ. ನಾನು ನಗಲ್ಲ."

ಕ್ರುನಾ ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು. "ಇವತ್ತು ಇಳಿಸಿದ್ರೆ ಇಲ್ಲಿರ್ತೀನಿ. ಇಲ್ದಿದ್ರೆ ನಾಳೆಯಿಂದ ಮಾವನ ಅಂಗಡಿ. ಮನೇನೂ ಅಲ್ಲೇ."

ಓರ್ದನ್ ಕಂಪ್ಯೂಟರಿನ ಮುಂದೆ ಕೂತ. ಅವಳ ಕೈಗೆ ಬ್ಯಾಂಡೇಜು, ಒತ್ತುವ ಬೆರಳು ಅವನದೇ ಆಗಬೇಕು. ಕಲ್ಲು ಕಡೆದು ದಪ್ಪಗಾದ ಬೆರಳು ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು.

"ಸುಮ್ನೆ ಹಳೇದನ್ನ ಇದರ ಮೇಲೆ ಹಾಕೋಕಾಗಲ್ವಾ?"

"ಆಗಲ್ಲ. ಹತ್ತೋಕೆ ಮೆಟ್ಲಿದೆ, ಇಳಿಯೋಕಿಲ್ಲ. ಪೂರ್ತಿ ಅಳಿಸಿ ಮೊದಲಿಂದ ಹಾಕ್ಬೇಕು."

"ನನ್ನ ಚಿತ್ರ?"

"ಚಿತ್ರ ಬೇರೆ ಕಡೆ ಇಟ್ಟಿದೀನಿ. ಅಳಿಸು ಅಂದ್ನಲ್ಲ."

ಅಳಿಸಿದ. ಹಳೆಯದು ಕೂತಿತು, ಆದರೆ ಯಂತ್ರದ ಹೊಂದಿಕೆಗಳು ಅದಕ್ಕೆ ಅರ್ಥವಾಗಲಿಲ್ಲ. ಹೊಸದು ಅವನ್ನು ತನ್ನ ರೀತಿಯಲ್ಲಿ ತಿದ್ದಿತ್ತಲ್ಲ. ಓರ್ದನ್ ಮೇಜಿಗೆ ಗುದ್ದಲು ಮುಷ್ಟಿ ಎತ್ತಿದ. ಕ್ರುನಾ ನೋಡಿದಳು, ಅವನು ಮುಷ್ಟಿ ಇಳಿಸಿದ. ತಿದ್ದುವ ಮುಂಚೆ ಹೊಸದು ಹಳೆಯ ಹೊಂದಿಕೆಗಳ ಒಂದು ಪ್ರತಿಯನ್ನು ಬದಿಗಿಟ್ಟಿತ್ತು. ಅದನ್ನೂ ಅವಳು ಜೋಪಾನ ಮಾಡಿದ್ದಳು. ಅದನ್ನು ತಂದು ಹಾಕಿದೊಡನೆ ಯಂತ್ರ ಹಳೆಯ ಸದ್ದಿನಲ್ಲಿ ಗುರ್ ಎಂದಿತು.

"ಈಗ ಖಾಲಿ ಓಡ್ಸು. ಆಮೇಲೆ ಕೆಂಪು ಗುಂಡಿ ಒತ್ತು," ಎಂದಳು ಕ್ರುನಾ.

ಒತ್ತಿದ. ಯಂತ್ರ ನಿಲ್ಲಲಿಲ್ಲ. ಮತ್ತೆ ಒತ್ತಿದ, ಅಂಗೈಯಿಂದ ಬಡಿದ. ತಲೆ ತನ್ನ ಪಾಡಿಗೆ ಓಡಾಡುತ್ತಲೇ ಇತ್ತು.

"ನೋಡ್ದಾ! ಇದೂ ದರಿದ್ರದ್ದೇ! ಹಳೇದೂ ಸರಿಯಿಲ್ಲ!"

ಕ್ರುನಾ ಎಡಗೈಯಿಂದ ಮೇನ್ ಆರಿಸಿದಳು. ಪೆಟ್ಟಿಗೆಯ ಮುಚ್ಚಳಕ್ಕೆ ತಿರುಪು ಇರಲಿಲ್ಲ, ಅವಳೇ ಮೊದಲು ಬಿಚ್ಚಿ ನೋಡಿಟ್ಟಿದ್ದಳು. ಮುಚ್ಚಳ ತೆಗೆದಳು. ಒಳಗೆ ಕಲ್ಲು ಕಟ್ಟುವ ತಂತಿ, ಅದಕ್ಕೆ ಓರ್ದನ್ ಮಾತ್ರ ಹಾಕುವ ಎಡತಿರುವಿನ ಗಂಟು. ಆ ಸಂಗತಿ ಅವನ ತಲೆಯಿಂದ ತಾನೇ ಹಾರಿಹೋಗಿತ್ತೋ, ಅವನೇ ಹಾರಿಸಿದ್ದನೋ, ದೇವರೇ ಬಲ್ಲ.

"ಅವತ್ತು ನಾನೂ ಒತ್ತಿದ್ದೆ, ಅಪ್ಪ," ಎಂದಳು. "ಎಡಗೈಲಿ. ಒತ್ತುತ್ತಾನೇ ಇದ್ದೆ."

"ನಾನು ನಿನ್ನ ಮೇಲೆ... ಒಂದಿನಾನೂ ಕೈ..." ಎಂದ ಓರ್ದನ್. ಅವನಿಗೆ ತನ್ನ ಕೈಯೇ ಅಸಹ್ಯವಾಯಿತು. ಸುತ್ತಿಗೆ ಎತ್ತಿ ಅವಳ ಮುಂದೆ ಹಿಡಿದ.

"ಹೊಡಿ."

ಕ್ರುನಾ ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು. ಅವನು ಕಣ್ಣು ಮುಚ್ಚಿದ. ಏಟು ಬಿತ್ತು, ಅವನಿಗಲ್ಲ. ಗೋಡೆಗೊರಗಿಸಿದ್ದ ಅವನ ಗೋರಿಕಲ್ಲಿನ ಮುಖಕ್ಕೆ ಅವಳು ಹೊಡೆಯುತ್ತಿದ್ದಳು. ಮೀಸೆಗೆ, ಹಣೆಗೆ, ಗೀರು ಬಿದ್ದ ಕುತ್ತಿಗೆಗೆ, ಅಳುತ್ತ, ಬಾಯಿಗೆ ಬಂದಂತೆ ಬೈಯುತ್ತ. ಕಲ್ಲು ಗೀರಿನ ಉದ್ದಕ್ಕೂ ಒಡೆದು ತಲೆ ಬೇರೆ ಮೈ ಬೇರೆಯಾಗಿ ಬಿತ್ತು. ಬದುಕಿರುವವನ ಗೋರಿಕಲ್ಲು ಒಡೆಯುವುದಕ್ಕಿಂತ ದೊಡ್ಡ ಅಪಶಕುನ ಆ ಊರಿನಲ್ಲಿಲ್ಲ. ಬಾಗಿಲಲ್ಲಿ ಸೇರಿದ ಜನ ಶಿಲುಬೆಯ ಗುರುತು ಮಾಡಿಕೊಂಡರು. ಓರ್ದನ್ ತಡೆಯಲಿಲ್ಲ. ಅವಳ ಕೈ ಸೋತ ಮೇಲೆ ಮೊಣಕಾಲೂರಿ ತನ್ನ ಮುಖದ ಚೂರುಗಳನ್ನು ಬುಟ್ಟಿಗೆ ತುಂಬಿದ. ಆಮೇಲೆ ಪೆಟ್ಟಿಗೆಯೊಳಗೆ ಕೈ ಹಾಕಿ ಗಂಟು ಬಿಚ್ಚಿದ.

ಮುಂದಿನ ಸತ್ತವರ ಶನಿವಾರ ವೆಲಿಕಾಳ ಪಕ್ಕದ ಜಾಗ ಖಾಲಿಯೇ ಇತ್ತು. ಸ್ಪಾಸೆ ಅದನ್ನು ಕಂಡ, ನಗಲಿಲ್ಲ.

ಇಂದಿಗೂ ಭಾವ ಮೈದುನರ ನಡುವೆ ಬೇರೆ ಮಾತುಕತೆ ಇಲ್ಲ. ಆದರೆ ಪ್ರತಿ ಬೆಳಿಗ್ಗೆ ಕ್ರುನಾ ಯಂತ್ರದ ಬಳಿ ಬರುವ ಮುಂಚೆ ಓರ್ದನ್ ಅದನ್ನು ಖಾಲಿ ಓಡಿಸಿ, ತನ್ನ ಎಡಗೈಯನ್ನು ಆ ಮೊನೆಯ ಕೆಳಗೆ ಕಲ್ಲಿನ ಮೇಲಿಟ್ಟು, ಬಲಗೈಯಿಂದ ಕೆಂಪು ಗುಂಡಿ ಒತ್ತುತ್ತಾನೆ. ಸದ್ದು ಅಡಗುತ್ತದೆ.

"ನಿಂತ್ತಾ?" ಎಂದು ಎದುರು ಅಂಗಡಿಯಿಂದ ಸ್ಪಾಸೆ ಕೂಗುತ್ತಾನೆ.

"ನಿಂತ್ತು," ಎನ್ನುತ್ತಾನೆ ಓರ್ದನ್. ಆಮೇಲೆ ಮಗಳನ್ನು ಕರೆಯುತ್ತಾನೆ.