ಶುಕ್ರವಾರದ ಬೆಡ್

ಗುತ್ಯಪ್ಪ ಬಸ್ ಓಡಿಸುವುದನ್ನು ನೋಡಿದರೆ ಒಳಗೆ ತುಂಬಿದ ಕೊಡ ಇಟ್ಟುಕೊಂಡಿದ್ದಾನೇನೋ ಅನ್ನಿಸಬೇಕು. ಸೊರಬದಿಂದ ಶಿಕಾರಿಪುರದವರೆಗಿನ ಹೊಂಡಗಳೆಲ್ಲ ಅವನಿಗೆ ಬಾಯಿಪಾಠ. "ಏನ್ ಗುತ್ಯಪ್ಪಣ್ಣ, ದಿಬ್ಬಣ ಕರ್ಕೊಂಡ್ ಹೊಂಟಿದೀಯಾ?" ಎಂದು ಅವಸರದ ಮಂದಿ ಛೇಡಿಸುತ್ತಿದ್ದರು. ಮಂಗಳವಾರ, ಶುಕ್ರವಾರ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆ ಎರಡು ದಿನ ಮುಂದಿನ ಸೀಟಿನಲ್ಲಿ ಅವನ ಹೆಂಡತಿ ವರದಮ್ಮ ಕೂತಿರುತ್ತಿದ್ದಳು.

ವರದಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮನೆ ಇರುವ ಸೊರಬದಲ್ಲಿ ಡಯಾಲಿಸಿಸ್‌ಗೆ ಬೆಡ್ ಸಿಗದೆ, ಶಿಕಾರಿಪುರದ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಸಿಕ್ಕಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಕರೆತಂದು ಬಿಡುವುದು, ಮಧ್ಯಾಹ್ನದ ಟ್ರಿಪ್ಪಿಗೆ ವಾರ್ಡಿನವರೆಗೂ ಹೋಗಿ ತೋಳು ಹಿಡಿದು ಕರೆದುಕೊಂಡು ಬರುವುದು. ಮಷೀನಿನಿಂದ ಎದ್ದವಳಿಗೆ ನೆಲ ನಿಲ್ಲುತ್ತಿರಲಿಲ್ಲ. ಒಮ್ಮೆ ಒಬ್ಬಳೇ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದಳು. ಅಂದಿನಿಂದ ಮನೆಯವರು ಬಾರದೆ ಅವಳನ್ನು ಬಿಡುವುದಿಲ್ಲ ಅಂತ ನರ್ಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಇಷ್ಟೆಲ್ಲ ಸಾಗುತ್ತಿದ್ದದ್ದು ಡಿಪೋದಲ್ಲಿ ಡ್ಯೂಟಿ ಹಾಕುವ ಮಹೇಶ್ವರಪ್ಪನ ದೆಸೆಯಿಂದ. "ಈ ರೂಟು ನಿಂದೇ ಕಣಯ್ಯ, ನಾನಿರೋತನಕ ಯಾರಿಗೂ ಕೊಡಂಗಿಲ್ಲ" ಅಂದಿದ್ದ ಪುಣ್ಯಾತ್ಮ. ಅರ್ಜಿಯಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು. ಒಳ್ಳೆಯವರ ನಡುವೆ ಕೆಲಸ ಮಾಡುವವರು ಮಾಡುವ ತಪ್ಪನ್ನೇ ಗುತ್ಯಪ್ಪ ಮಾಡಿದ. ಎಲ್ಲರಿಗೂ ಗೊತ್ತಿದೆಯಲ್ಲ ಅಂತ ಸುಮ್ಮನಿದ್ದ. ಮನೆಯಲ್ಲಿ ಇಂಥ ಕಾಯಿಲೆ ಇರುವವರಿಗೆ ವರ್ಗಾವಣೆಯಿಂದ ವಿನಾಯಿತಿ ಉಂಟು, ಡಾಕ್ಟರ ಸರ್ಟಿಫಿಕೇಟ್ ಕೊಡಿ ಎಂಬ ಸುತ್ತೋಲೆ ಬೋರ್ಡಿನ ಮೇಲೆ ಬಿಸಿಲಿಗೆ ಬಣ್ಣ ಹೋಗುವವರೆಗೂ ನೇತಾಡಿತು. ಅದು ತನಗೆ ಹೇಳಿದ್ದು ಅಂತ ಅವನಿಗೆ ಹೊಳೆಯಲೇ ಇಲ್ಲ. ಮಹೇಶ್ವರಪ್ಪನಿಗೂ ಹೊಳೆಯಲಿಲ್ಲ, ಅವನ ಮೇಲೂ ನನಗೆ ಸಿಟ್ಟಿದೆ.

ಮಹೇಶ್ವರಪ್ಪ ನಿವೃತ್ತನಾದ. ಅದೇ ಮಳೆಗಾಲದಲ್ಲಿ ಆರ್ಡರ್ ಬಂತು. ಗುತ್ಯಪ್ಪನಿಗೆ ಪುತ್ತೂರು, ಘಟ್ಟದ ಕೆಳಗೆ.

ಗುತ್ಯಪ್ಪ ಮೇಲಿನ ಆಫೀಸಿಗೆ ಹೋಗಿ ಕೈಮುಗಿದು ನಿಂತ. ಸಾಹೇಬರು ಕೆಟ್ಟವರೇನಲ್ಲ, ಕೂರಿಸಿ ಚಹಾ ಕೊಡಿಸಿದರು. "ಸರ್ಟಿಫಿಕೇಟ್ ಮೊದಲೇ ಕೊಡಬೇಕಿತ್ತಲ್ರೀ. ಲಿಸ್ಟ್ ಆಗಿಹೋಗಿದೆ, ಈಗ ನಿಮ್ಮನ್ನ ಬಿಟ್ಟರೆ ಇನ್ನೊಬ್ಬರನ್ನ ಎತ್ತಬೇಕು. ಮುಂದಿನ ವರ್ಷ ಅರ್ಜಿ ಹಾಕಿ, ನೋಡೋಣ" ಅಂದರು. ಮುಂದಿನ ವರ್ಷ ಅನ್ನುವುದು ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು!

ಹಾಗಾದರೆ ಮನೆಮಂದಿಯನ್ನೆಲ್ಲ ಪುತ್ತೂರಿಗೇ ಕರೆದೊಯ್ದರಾಯಿತು ಎಂದುಕೊಂಡು ಅಲ್ಲಿಗೆ ಹೋಗಿ, ಮೊದಲು ಆಸ್ಪತ್ರೆ ವಿಚಾರಿಸಿದ. ಅಲ್ಲಿನ ನರ್ಸ್ ವರದಮ್ಮನ ಹೆಸರು ಬರೆದುಕೊಂಡಳು. ಹಾಳೆಯ ಮೇಲಿಂದ ಕೆಳಗಿನವರೆಗೂ ಹೆಸರುಗಳಿದ್ದವು.

"ಯಾವಾಗ ಸಿಗ್ಬಹುದು ಮೇಡಂ?"

"ಹೇಳಲಿಕ್ಕೆ ಆಗುವುದಿಲ್ಲ ಅಣ್ಣ. ಬೆಡ್ ಖಾಲಿ ಆಗ್ಬೇಕಲ್ಲ."

"ಖಾಲಿ ಹೆಂಗಾಗುತ್ತೆ?"

ನರ್ಸ್ ಅವನ ಮುಖ ನೋಡಿ, ಹಾಳೆ ಮಡಿಚಿ ಒಳಗಿಟ್ಟಳು. ಆಗ ಅವನಿಗೆ ತಿಳಿಯಿತು. ತಿರುಗಿ ಬರುವಾಗ, ಬಸ್ಸು ಘಟ್ಟ ಹತ್ತುತ್ತಿರಲು, ಅಲ್ಲಿ ಒಬ್ಬರು ಹೋದರೆ, ಇಬ್ಬರು ಹೋದರೆ ಅಂತ ಲೆಕ್ಕ ಹಾಕುತ್ತಿದ್ದ ತನ್ನ ಮನಸ್ಸನ್ನು ಕಂಡು ಗುತ್ಯಪ್ಪನಿಗೆ ಹೇಸಿಗೆಯಾಯಿತು. ಕಿಟಕಿಯಾಚೆ ಮುಖ ಹಾಕಿ ಅತ್ತ.

ಮನೆಯಲ್ಲಿ ಮಾತು ಗಾಣದೆತ್ತಿನಂತೆ ಸುತ್ತಿದ್ದೇ ಸುತ್ತಿದ್ದು. ಪುತ್ತೂರಿಗೆ ಹೋದರೆ ಬೆಡ್ಡಿಲ್ಲ. ನೌಕರಿ ಬಿಟ್ಟರೆ ಊಟಕ್ಕೂ ಔಷಧಿಗೂ ದಾರಿಯಿಲ್ಲ. ತಂಗಿ ಮಾಸ್ತಮ್ಮ "ನಾನ್ ಕರ್ಕೊಂಡೋಗ್ತೀನಿ ಬಿಡಣ್ಣ" ಅಂದಳು. ಆದರೆ ಅವಳು ಶುಂಠಿ ಕೆಲಸಕ್ಕೆ ಹೋದ ದಿನವೇ ಅವಳ ಮನೆಯಲ್ಲಿ ಒಲೆ ಉರಿಯುವುದು, ಇವರೇ ಬೇಡವೆಂದರು. ಉಳಿದವಳು ಮಗಳು ಚೈತ್ರ, ಪಿಯುಸಿ ಎರಡನೇ ವರ್ಷ.

"ನಾನ್ ಕಾಲೇಜ್ ಬಿಡ್ತೀನಪ್ಪ. ಮುಂದಿನ್ ವರ್ಷ ಕಟ್ಟಿದ್ರಾಯ್ತು" ಅಂದಳು ಚೈತ್ರ.

ವರದಮ್ಮ ಯಾವತ್ತೂ ದನಿ ಎತ್ತಿದವಳಲ್ಲ. ಅವತ್ತು ತಟ್ಟೆ ದೂಡಿ ಎದ್ದಳು. "ನಾನೂ ನಮ್ಮವ್ವಂಗೆ ಹುಷಾರಿಲ್ಲ ಅಂತ ಒಂದ್ ವರ್ಷಕ್ಕೇ ಅಂತ ಬಿಟ್ಟಿದ್ದೆ ಕಣೆ. ಆ ವರ್ಷ ಇನ್ನೂ ಮುಗ್ದಿಲ್ಲ. ಈ ಮಾತು ಇನ್ನೊಂದ್ ಸಲ ಆಡಿದ್ರೆ ನಾನು ಆಸ್ಪತ್ರೆಗೇ ಹೋಗಲ್ಲ."

ಆ ರೂಟಿನಲ್ಲಿ ಗುತ್ಯಪ್ಪನ ಕೊನೆಯ ವಾರದ ಮಂಗಳವಾರ. ಮಧ್ಯಾಹ್ನ ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಚಹಾಕ್ಕೆ ಇಳಿದಿದ್ದ, ಬಸ್ಸಿಗೆ ಇನ್ನೂ ಜನ ಹತ್ತಿರಲಿಲ್ಲ. ಅವನ ಬೆನ್ನ ಹಿಂದಿನ ಮೊದಲ ಸೀಟಿನಿಂದ ವರದಮ್ಮ ಮೆಲ್ಲಗೆ ಕರೆದಳು.

"ರೀ, ಒಂದ್ ಮಾತು. ನಿಮ್ಗೆ ವಾರದ ರಜ ಮಂಗಳವಾರ ಕೇಳ್ಕೊಳ್ಳಿ. ಹಿಂದಿನ್ ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಬಂದಿರ್ತೀರಿ. ನನ್ನ ಕರ್ಕೊಂಡ್ ಬಂದು, ಕರ್ಕೊಂಡ್ ಹೋಗಿ ವಾಪಸ್ ಹೋಗ್ಬಹುದು."

"ಶುಕ್ರವಾರ?"

"ಶುಕ್ರವಾರ ಬ್ಯಾಡ. ನಂಗೀಗ ಮೊದಲಿನಂಗೇನಿಲ್ಲ. ನೀರು ಕಮ್ಮಿ ಕುಡೀತೀನಿ. ವಾರಕ್ಕೊಂದ್ ಸಲ ಸಾಕು."

ಸಾಕಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಒಂದು ಸರ್ತಿ ತಪ್ಪಿದ್ದಕ್ಕೇ ಮೈಯೆಲ್ಲ ನೀರು ತುಂಬಿ, ಮಲಗಲಾರದೆ ಗೋಡೆಗೊರಗಿ ಉಸಿರಿಗೆ ಬಾಯಿ ಬಿಟ್ಟಿದ್ದಳು. ಡಾಕ್ಟರು ಆವತ್ತು ಮುಚ್ಚುಮರೆಯಿಲ್ಲದೆ ಬೈದಿದ್ದರು. ಗುತ್ಯಪ್ಪ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದ. ಬೇಡ ಅನ್ನಲು ಬಾಯಿ ತೆರೆದರೆ ಅದರ ಹಿಂದೆ ಇನ್ನೊಂದು ದಾರಿ ಹೇಳಬೇಕಲ್ಲ! ಯಾವ ದಾರಿ ಹೇಳಿಯಾನು? ಕೊನೆಗೆ ಹೂಂ ಅಂದ. ವರದಮ್ಮ ಸಂತೆಯ ಸಾಮಾನು ತೀರ್ಮಾನಿಸಿದವಳಂತೆ ಸೆರಗು ಸರಿಮಾಡಿಕೊಂಡಳು. "ಮಗೀಗೆ ಹೇಳ್ಬ್ಯಾಡಿ. ಡಾಕ್ಟ್ರೇ ಕಮ್ಮಿ ಮಾಡಿದ್ರು ಅನ್ನಿ" ಅಂದಳು.

ಶುಕ್ರವಾರ ಅವಳನ್ನು ಮಷೀನಿಗೆ ಬಿಟ್ಟು, ಮುಂದಿನ ವಾರದಿಂದ ಈ ದಿನ ಬರುವುದಿಲ್ಲವೆಂದು ಗುತ್ಯಪ್ಪ ನರ್ಸಿಗೆ ತಿಳಿಸಿದ. ಅವಳು ಎರಡೆರಡು ಸಲ ಕೇಳಿದಳು, ಗದರಿದಳು. ಆಮೇಲೆ ಕಣ್ಣೊರೆಸಿಕೊಂಡು, ಕಾಯುವವರ ಪಟ್ಟಿಯಲ್ಲಿ ಮೊದಲಿದ್ದವರಿಗೆ ಫೋನ್ ಮಾಡಿದಳು.

ಮಧ್ಯಾಹ್ನ ಗುತ್ಯಪ್ಪ ವಾರ್ಡಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಕಾದಿದ್ದ. ತಾಳಗುಂದದ ಕೊಟ್ರೇಶ್. ಅವನ ತಾಯಿ ವನಜಮ್ಮನಿಗೆ ಇಲ್ಲಿ ವಾರಕ್ಕೊಂದೇ ದಿನ ಸಿಕ್ಕಿತ್ತು, ಇನ್ನೊಂದು ದಿನಕ್ಕೆ ಶಿವಮೊಗ್ಗದಲ್ಲಿ ಅವರಿವರ ಕಾಲು ಹಿಡಿದು ಅಲೆಯುತ್ತಿದ್ದ. ಗುತ್ಯಪ್ಪನನ್ನು ಕಂಡವನೇ ಕಾರಿಡಾರಿನಲ್ಲಿ ಜನರಿದ್ದಾರೆಂದೂ ನೋಡದೆ ಕಾಲಿಗೆ ಬಿದ್ದ.

"ಅಣ್ಣಾರೆ, ನಮ್ಮವ್ವನ್ನ ಉಳಿಸಿದ್ರಿ. ನಿಮ್ಮ ಋಣ ಯಾವ ಜನ್ಮಕ್ಕೂ ತೀರ್ಸಕ್ಕಾಗಲ್ಲ ನೋಡ್ರಿ. ನಿಮ್ ಮನ್ಯಾಗ ಅಮ್ಮಾರಿಗೆ ವಾಸಿ ಆತಂತಲ್ಲ, ನಮಗೂ ಧೈರ್ಯ ಬಂತು."

ವಾಸಿಯಾಯಿತು ಅಂತ ಅವನಿಗೆ ಯಾರು ಹೇಳಿದರೋ ಏನೋ. ಗಾಜಿನ ಬಾಗಿಲಿನಾಚೆ ವರದಮ್ಮ ಕೈಗೆ ಹತ್ತಿ ಒತ್ತಿಕೊಂಡು ಕೂತು ಇತ್ತಲೇ ನೋಡುತ್ತಿದ್ದಳು. ಗುತ್ಯಪ್ಪ ಕೊಟ್ರೇಶನ ಭುಜ ಹಿಡಿದು ಎಬ್ಬಿಸಿದ. ನಿಜ ಹೇಳಬೇಕೆಂದುಕೊಂಡವನು, ಅವನ ಅಂಗಿಗೆ ಹತ್ತಿದ ಧೂಳು ಕೊಡವಿದ.

"ಚೆನ್ನಾಗ್ ನೋಡ್ಕೊಳಪ್ಪ ತಾಯಿನ" ಅಂದ. "ಏನೇ ಬರ್ಲಿ, ಒಂದ್ ದಿನಾನೂ ತಪ್ಪಿಸ್ಬ್ಯಾಡ."